ಮೊದಲ ಬಟ್ಟಲು

ಫುಟ್‌ಬಾಲ್ ಲೀಗಿನ ಮೊದಲ ಪಂದ್ಯದ ದಿನ ಮೈದಾನದ ನಾಲ್ಕೂ ಗೇಟುಗಳಲ್ಲಿ ಜನರ ಚೀಲ ಬಿಚ್ಚಿಸಿ, ಮನೆಯಿಂದ ಕಟ್ಟಿಕೊಂಡು ಬಂದಿದ್ದ ಬುತ್ತಿಯನ್ನು ಕಿತ್ತುಕೊಂಡು ನೀಲಿ ಪೀಪಾಯಿಗಳಿಗೆ ಸುರಿದರು. ಒಳಗೆ, ಹೋದ ವರ್ಷ ಹತ್ತಕ್ಕೆ ಸಿಗುತ್ತಿದ್ದ ಕಾಳಿನ ಸೂಪಿಗೆ ಮೂವತ್ತು ಎಂದು ಬರೆದಿತ್ತು. ಬಟ್ಟಲು ಚಿಕ್ಕದಾಗಿತ್ತು. ಸೂಪಿನಲ್ಲಿ ಕಾಳು ಇರಲಿಲ್ಲ.

ಎರಡನೆಯ ಪಂದ್ಯದ ದಿನ, ಇನ್ನೂ ಗೇಟು ತೆರೆಯದ ಹೊತ್ತಿನಲ್ಲಿ, ಗೆರೆಯಣ್ಣ ಸುಣ್ಣದ ಗಾಡಿ ತಳ್ಳುತ್ತ ಪೆನಾಲ್ಟಿ ಬಾಕ್ಸಿನ ಎಡಗೆರೆ ಎಳೆಯುತ್ತಿದ್ದ. ಈ ವರ್ಷ ಮೈದಾನ ವಹಿಸಿಕೊಂಡ ಕಂಪನಿಯ ಮ್ಯಾನೇಜರು ಹುಲ್ಲಿನ ಮೇಲೆ ನಡೆದು ಬಂದು, ಇನ್ನೂ ಆರದ ಗೆರೆಯ ಮೇಲೆಯೇ ತನ್ನ ಕಂದು ಬೂಟನ್ನು ಊರಿ ನಿಂತ. ಗೆರೆಯಣ್ಣ ಮೊದಲು ಬೂಟು ನೋಡಿದ, ಆಮೇಲೆ ಗೆರೆ ನೋಡಿದ, ಕೊನೆಗೆ ಮುಖ ನೋಡಿದ.

"ಸರ್, ಕಾಲು," ಎಂದ.

ಇಪ್ಪತ್ತೊಂದು ವರ್ಷದಿಂದ ಆ ಮೈದಾನದ ಗೆರೆಗಳೆಲ್ಲ ಅವನ ಕೈಯವು. ಹುಟ್ಟಿದಾಗ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಆಟಗಾರರಿಗೂ ರೆಫರಿಗಳಿಗೂ ಗ್ಯಾಲರಿಯ ಪುಂಡರಿಗೂ ಅವನು ಗೆರೆಯಣ್ಣ. ಹಗ್ಗ ಹಿಡಿಯದೆ ಎಳೆದರೂ ಅವನ ಗೆರೆ ನೂರು ಹೆಜ್ಜೆಯವರೆಗೆ ಮಿಸುಕುತ್ತಿರಲಿಲ್ಲ. ದೇವರು ನಮ್ಮ ಹಣೆಗೆ ಎಳೆದದ್ದೆಲ್ಲ ಸೊಟ್ಟ, ಇವನು ನೆಲಕ್ಕೆ ಎಳೆದದ್ದು ನೆಟ್ಟಗೆ ಎಂದು ಎದುರು ರಸ್ತೆಯ ದರ್ಜಿ ಹೇಳುತ್ತಿದ್ದ. ಗೆರೆಯಣ್ಣನಿಗೆ ಆ ಮಾತು ಗೊತ್ತಿತ್ತು, ಮತ್ತು ಅದರಲ್ಲಿ ಸುಳ್ಳಿಲ್ಲವೆಂಬುದೂ ಗೊತ್ತಿತ್ತು.

ಮ್ಯಾನೇಜರು ಕಾಲು ತೆಗೆದ. ಬೂಟಿನ ತುದಿಗೆ ಹತ್ತಿದ ಸುಣ್ಣವನ್ನು ಹುಲ್ಲಿಗೆ ಒರೆಸಿಕೊಳ್ಳುತ್ತಲೇ ವಿಷಯಕ್ಕೆ ಬಂದ. ಹೋದ ಪಂದ್ಯದಲ್ಲಿ ಸೂಪು ಯಾಕೆ ಖರ್ಚಾಗಲಿಲ್ಲವೆಂದು ಅವನಿಗೆ ಈಗ ಅರ್ಥವಾಗಿತ್ತಂತೆ. ಈ ಮೈದಾನದಲ್ಲಿ ಒಂದು ಪದ್ಧತಿ ಇದೆಯಂತೆ, ಮೊದಲ ಬಟ್ಟಲು ಗೆರೆಯಣ್ಣನದಂತೆ. ಇಷ್ಟು ಒಳ್ಳೆಯ ವಿಚಾರವನ್ನು ತನಗೆ ಯಾರೂ ಹೇಳದೆ ಹೋದರಲ್ಲ ಎಂದು ನಕ್ಕ. ಇವತ್ತು ಆ ಪದ್ಧತಿ ನಡೆಯಬೇಕು, ಮೈಕಿನಲ್ಲಿ ಸಾರಿಯೇ ನಡೆಯಬೇಕು. ಗೆರೆಯಣ್ಣನಿಗೆ ಇನ್ನು ಮೇಲೆ 'ಹಿರಿಯ ರುಚಿ ಪರೀಕ್ಷಕ' ಎಂಬ ಹುದ್ದೆ, ಹಳದಿ ಟೋಪಿ. ಕಂಕುಳಲ್ಲಿದ್ದ ಕಡತವನ್ನು ತೆರೆದು ಖಾಯಂ ನೌಕರರ ಪಟ್ಟಿಯನ್ನೂ ತೋರಿಸಿದ. ಅದರಲ್ಲಿ ಗೆರೆಯಣ್ಣನ ಹೆಸರಿತ್ತು, ಅವನ ಅತ್ತಿಗೆಯ ಹೆಸರೂ ಇತ್ತು. ಕೆಳಗೆ ಸಹಿಯ ಜಾಗ ಮಾತ್ರ ಖಾಲಿ ಇತ್ತು.

"ಸೋಮವಾರ ಸಹಿ ಮಾಡ್ತೀನಿ," ಎಂದ ಮ್ಯಾನೇಜರು. "ನೀವು ಇವತ್ತು ಒಂದು ಬಟ್ಟಲು ಸೂಪು ತಿನ್ನಿ, ಅಷ್ಟೇ. ಜಗತ್ತಿನಲ್ಲಿ ಇದಕ್ಕಿಂತ ಸುಲಭದ ಕೆಲಸ ಇದೆಯಾ?"

ಗೆರೆಯಣ್ಣ ಬೂಟು ತುಳಿದು ಕಲಸಿಹೋದ ಜಾಗಕ್ಕೆ ಗಾಡಿಯನ್ನು ಹಿಂದಕ್ಕೆ ಎಳೆದುಕೊಂಡು ಬಂದು ಗೆರೆಯನ್ನು ಮತ್ತೆ ಎಳೆದ.

ಆ ಪದ್ಧತಿಗೆ ಹದಿನಾರು ವರ್ಷ. ಅದಕ್ಕೂ ಮೊದಲು ಪೂರ್ವದ ಗ್ಯಾಲರಿಯ ಕೆಳಗಿನ ಅಂಗಡಿಯನ್ನು ಬೇರೊಬ್ಬ ನಡೆಸುತ್ತಿದ್ದ. ಹಿಂದಿನ ದಿನ ಉಳಿದದ್ದಕ್ಕೆ ನೀರು ಬೆರೆಸಿ ಕುದಿಸಿ ಮಾರುತ್ತಿದ್ದ. ಒಂದು ಪಂದ್ಯದ ದಿನ ಅದನ್ನು ತಿಂದ ಅರವತ್ತು ಜನ ಆಸ್ಪತ್ರೆಗೆ ಹೋದರು. ಅವನು ಓಡಿಹೋದ ಮೇಲೆ ಅಂಗಡಿ ಗೆರೆಯಣ್ಣನ ಅತ್ತಿಗೆಯ ಪಾಲಿಗೆ ಬಂತು. ಅವಳ ಗಂಡ ಅದೇ ಮೈದಾನದ ಹಳೆಯ ಗೆರೆಯವನು. ಅವನು ತೀರಿಕೊಂಡಿದ್ದ, ಮೈದುನ ಇನ್ನೂ ಮದುವೆಯಾಗಿರಲಿಲ್ಲ, ಮುಂದೆಯೂ ಆಗಲಿಲ್ಲ. ಅತ್ತಿಗೆ ಬೆಳಗಿನ ಜಾವ ಎದ್ದು ಕಾಳು ನೆನೆಹಾಕಿ, ಈರುಳ್ಳಿ ಕೆಂಪಗೆ ಹುರಿದು, ಕೊಪ್ಪರಿಗೆ ತುಂಬ ಸೂಪು ಮಾಡಿಟ್ಟಳು. ಮೂಗಿಗೆ ವಾಸನೆ ಬಡಿದು ಜನ ಬಂದರು, ಬಂದು ದೂರದಲ್ಲೇ ನಿಂತರು. ಬಾಯಿ ಸುಟ್ಟ ಬೆಕ್ಕು ಮಜ್ಜಿಗೆಯನ್ನೂ ಊದುತ್ತದೆ.

ಆಗ ಅತ್ತಿಗೆ ಒಂದು ಬಟ್ಟಲು ತುಂಬಿ ಮೈದುನನ ಕೈಗೆ ಕೊಟ್ಟು, ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಎಲ್ಲರಿಗೂ ಕಾಣುವಂತೆ ಕೂರಿಸಿದಳು. ಅವನು ತಿಂದ. ತಿಂದು, ಬಟ್ಟಲನ್ನು ಪಕ್ಕದ ಮೋಟುಗೋಡೆಯ ಮೇಲೆ ಮಗುಚಿಟ್ಟು, ಬಾಕಿ ಉಳಿದಿದ್ದ ನಡುವಿನ ವೃತ್ತ ಎಳೆಯಲು ಹೋದ. ಜನ ಅವನನ್ನೇ ನೋಡುತ್ತಿದ್ದರು. ವೃತ್ತ ಮುಗಿಯುವವರೆಗೂ ಅವನು ಬೀಳಲಿಲ್ಲ, ಹೊಟ್ಟೆ ಹಿಡಿದುಕೊಳ್ಳಲಿಲ್ಲ. ಮೊದಲು ಮುಂದೆ ಬಂದವನು ದರ್ಜಿ. ಗೆರೆ ನೆಟ್ಟಗಿದೆ, ಮನುಷ್ಯನೂ ನೆಟ್ಟಗಿದ್ದಾನೆ, ನನಗೊಂದು ಬಟ್ಟಲು ಹಾಕಮ್ಮ ಎಂದ. ಅವತ್ತು ವಿರಾಮದ ಹದಿನೈದು ನಿಮಿಷದಲ್ಲಿ ಕೊಪ್ಪರಿಗೆಯ ತಳ ಕಂಡಿತು.

ಅಲ್ಲಿಂದ ಅದು ಮೈದಾನದ ನಿಯಮವೇ ಆಯಿತು. ಆಫ್‌ಸೈಡು ಗೊತ್ತಿಲ್ಲದವರಿಗೂ ಬಟ್ಟಲು ಗೊತ್ತಿತ್ತು. ಬಟ್ಟಲು ಮಗುಚಿದ್ದರೆ ಸೂಪು ಸರಿಯಿದೆ, ಮಗುಚದೆ ಎತ್ತಿದಂತೆಯೇ ಇದ್ದರೆ ಇವತ್ತು ಬೇಡ. ಎರಡು ಸಲ ಎತ್ತಿದಂತೆಯೇ ಇತ್ತು. ಒಮ್ಮೆ ಈರುಳ್ಳಿ ಸೀದಿತ್ತು, ಒಮ್ಮೆ ಕಾಳು ಬೆಂದಿರಲಿಲ್ಲ. ಎರಡು ಸಲವೂ ಅತ್ತಿಗೆ ಕೊಪ್ಪರಿಗೆಗೆ ಮುಚ್ಚಳ ಹಾಕಿ ಬರೀ ಬ್ರೆಡ್ಡು ಮಾರಿದಳು.

ಒಂದೇ ಒಂದು ಸಲ ಗೆರೆಯಣ್ಣ ಸುಳ್ಳು ಮಗುಚಿದ್ದ. ಆರು ವರ್ಷದ ಹಿಂದೆ, ಅತ್ತಿಗೆಗೆ ಜ್ವರ. ಎದ್ದು ನಿಲ್ಲಲಾರದ ಸ್ಥಿತಿಯಲ್ಲೂ ಅಡುಗೆ ಮಾಡಿ, ಮರೆತು ಎರಡು ಸಲ ಉಪ್ಪು ಹಾಕಿದ್ದಳು. ಮೊದಲ ಚಮಚಕ್ಕೇ ಅವನ ಕಣ್ಣಲ್ಲಿ ನೀರು ಬಂತು. ಕೌಂಟರಿನ ಹಿಂದೆ ಗೋಡೆಗೆ ಒರಗಿ ನಿಂತಿದ್ದ ಅವಳ ಮುಖ ನೋಡಿದ, ಪೂರ್ತಿ ತಿಂದ, ಮಗುಚಿಟ್ಟ. ಅವತ್ತು ಎರಡನೆಯ ಅವಧಿಯ ಆಟವನ್ನು ಅರ್ಧ ಗ್ಯಾಲರಿ ನಲ್ಲಿಯ ಮುಂದೆ ಸಾಲಿನಲ್ಲಿ ನಿಂತೇ ಕಳೆಯಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಆದರೆ ತಿಂದವನು ನೀನು, ಕುಡಿದವರು ನಾವು ಎಂದು ದರ್ಜಿ ಒಂದು ವರ್ಷ ಕಾಡಿದ. ಮುಂದಿನ ಮೂರು ಪಂದ್ಯಗಳಲ್ಲಿ ಬಟ್ಟಲು ಮಗುಚಿದ್ದರೂ ಜನ ಹತ್ತಿರ ಬರಲಿಲ್ಲ. ಜ್ವರ ಇಳಿದ ಮೇಲೆ ಅತ್ತಿಗೆ ಕೇಳಿದ್ದು ಒಂದೇ ಪ್ರಶ್ನೆ. "ನನ್ನ ಮುಖ ನೋಡಿ ತಿಂದೆಯೋ, ಬಟ್ಟಲು ನೋಡಿ ತಿಂದೆಯೋ?" ಅವಳು ಎರಡು ದಿನ ಅವನೊಡನೆ ಮಾತು ಬಿಟ್ಟಳು.

ಹೀಗಿದ್ದ ಮೈದಾನವನ್ನು ಈ ವರ್ಷ ಕಂಪನಿ ಗುತ್ತಿಗೆ ಹಿಡಿಯಿತು. ಹುಲ್ಲು, ಗೇಟು, ಅಂಗಡಿ, ಆಳು ಎಲ್ಲವೂ ಒಂದೇ ಕಾಗದದಲ್ಲಿ ಸೇರಿದವು. ಅತ್ತಿಗೆಯ ಕೊಪ್ಪರಿಗೆ ಉಳಿಯಿತು, ಅಡುಗೆ ಉಳಿಯಲಿಲ್ಲ. ಒಂದು ಮೂಟೆ ಪುಡಿ ಬಂತು, ಒಂದು ಪ್ಲಾಸ್ಟಿಕ್ ಮಗ್ಗು ಬಂತು. ಮಗ್ಗಿನ ಮೇಲೆ ಒಂದು ಕೆಂಪು ಗೆರೆ. ಆ ಗೆರೆಯವರೆಗೆ ಪುಡಿ, ಕೊಪ್ಪರಿಗೆ ತುಂಬ ನೀರು, ಕುದಿ ಬಂದರೆ ಸೂಪು. ಅವಳು ಮನೆಯಿಂದ ತಂದು ಹಾಕಿದ ಎರಡು ಹಿಡಿ ಕಾಳನ್ನು ಮ್ಯಾನೇಜರು ಸೌಟಿನಿಂದ ಎತ್ತಿ ತೋರಿಸಿ, ಒಂದು ಅಂಗಡಿಯಲ್ಲಿ ಕಾಳು ಸಿಕ್ಕರೆ ಉಳಿದ ಮೂರು ಅಂಗಡಿಯಲ್ಲೂ ಜನ ಕೇಳುತ್ತಾರೆ ಎಂದು ಗದರಿದ್ದ. ಅವನ ಲೆಕ್ಕಾಚಾರ ಸರಳ. ಬೀಗ ಹಾಕಿದ ಗೇಟಿಗಿಂತ ದೊಡ್ಡ ಅಡುಗೆಯವನಿಲ್ಲ. ಒಳಗೆ ಸಿಕ್ಕಿಬಿದ್ದವನಿಗೆ ಏನು ಕೊಟ್ಟರೂ ರುಚಿಯೇ, ಎಷ್ಟು ಕೇಳಿದರೂ ಬೆಲೆಯೇ.

ಆದರೆ ಮೊದಲ ಪಂದ್ಯದ ದಿನ ಆ ಅಡುಗೆಯವನು ಸೋತ. ಬುತ್ತಿ ಕಳೆದುಕೊಂಡು ಹಸಿದ ಜನ ಅಂಗಡಿಯವರೆಗೆ ಬಂದರು, ಮೋಟುಗೋಡೆ ನೋಡಿದರು. ಅಲ್ಲಿ ಬಟ್ಟಲೇ ಇರಲಿಲ್ಲ. ಗೆರೆಯಣ್ಣ ಹುಲ್ಲು ಬಿಟ್ಟು ಬರಕೂಡದೆಂದು ಹೊಸ ಅಪ್ಪಣೆಯಾಗಿತ್ತು. ಜನ ವಾಪಸು ಹೋಗಿ ಹಸಿದುಕೊಂಡೇ ಆಟ ನೋಡಿದರು. ಸಂಜೆ ನಾಲ್ಕು ಕೊಪ್ಪರಿಗೆ ಸೂಪು ಚರಂಡಿಗೆ ಹೋಯಿತು, ಚರಂಡಿಯಲ್ಲೂ ಅದರ ಬಣ್ಣ ಮಾಸಲಿಲ್ಲ.

ನಡುವಿನ ಆ ವಾರದಲ್ಲಿ ದರ್ಜಿಗೆ ಕೈ ತುಂಬ ಕೆಲಸ. ದಾರಿಯಲ್ಲಿ ಸಿಕ್ಕ ಗೆರೆಯಣ್ಣನಿಗೆ, ಈ ಊರಿನ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ ಕೋಟಿನ ಒಳಜೇಬು ಬೇಕಾಗಿದೆ, ಅದೂ ಒಂದು ಬ್ರೆಡ್ಡಿನ ಅಳತೆಗೆ ಎಂದು ಕಣ್ಣು ಮಿಟುಕಿಸಿದ್ದ.

ಪೆನಾಲ್ಟಿ ಬಾಕ್ಸು ಮುಗಿಸಿ ಗೆರೆಯಣ್ಣ ಗ್ಯಾಲರಿಯ ಕೆಳಗೆ ಬಂದಾಗ ಅತ್ತಿಗೆ ಕೊಪ್ಪರಿಗೆಯ ಮುಂದೆ ಹಳದಿ ಟೋಪಿ ಹಾಕಿಕೊಂಡು ನಿಂತಿದ್ದಳು. ಐವತ್ತೆಂಟರ ಹೆಂಗಸಿಗೆ ಆ ಟೋಪಿ, ಮಡಕೆಯ ಮೇಲೆ ಮಗುವಿನ ಕುಲಾವಿ ಇಟ್ಟಂತೆ ಕಾಣುತ್ತಿತ್ತು. ಮ್ಯಾನೇಜರು ಅವಳಿಗೂ ಪಟ್ಟಿ ತೋರಿಸಿ ಹೋಗಿದ್ದ. ಅವಳು ಸೌಟಾಡಿಸುತ್ತ, ಅವನ ಕಡೆ ತಿರುಗದೆ, ಈ ವಯಸ್ಸಿನಲ್ಲಿ ತನಗೆ ಬೇರೆ ಯಾರೂ ಕೆಲಸ ಕೊಡುವುದಿಲ್ಲವೆಂಬುದನ್ನು ಹೇಳಿದಳು. ಗ್ಯಾಲರಿಯ ಕೆಳಗೆ ತಾವಿಬ್ಬರೂ ಇರುವ ಎರಡು ಕೋಣೆ ಕಂಪನಿಯದೆಂಬುದನ್ನೂ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕೋಣೆಯೂ ಇಲ್ಲವೆಂಬುದನ್ನೂ ಹೇಳಿದಳು. ಅವನಿಗೆ ಗೊತ್ತಿಲ್ಲದ್ದು ಅದರಲ್ಲಿ ಏನೂ ಇರಲಿಲ್ಲ. ಹನ್ನೆರಡು ವರ್ಷದವನಿದ್ದಾಗ ಅಣ್ಣನ ಹಿಂದೆ ಆ ಕೋಣೆಗೆ ಬಂದಿದ್ದ. ಅವತ್ತಿನಿಂದ ಅವನ ಹೊಟ್ಟೆಗೆ ಹೋದ ಪ್ರತಿ ತುತ್ತೂ ಈ ಕೈಯದೇ.

"ನಾಲಿಗೆ ಒಂದು ನಿಮಿಷದ್ದು ಕಣಪ್ಪ, ಹೊಟ್ಟೆ ವರ್ಷದ್ದು," ಎಂದಳು. ಸ್ವಲ್ಪ ಹೊತ್ತು ಸೌಟಾಡಿಸಿದಳು. ಆಮೇಲೆ ತಾನೇ ಆಡಿದ ಮಾತು ರುಚಿಸದವಳಂತೆ ಮುಖ ಕಿವುಚಿದಳು.

"ನೀವು ತಿಂದು ನೋಡಿದ್ರಾ ಅತ್ತಿಗೆ?"

"ನೋಡಿದೆ."

"ಹೇಗಿದೆ?"

"ನಾನು ಯಾಕೆ ಹೇಳಲಿ? ಬಟ್ಟಲು ನಿನ್ನದು."

ಮೂರು ಗಂಟೆಗೆ ಗೇಟು ತೆರೆಯಿತು. ಕಾವಲುಗಾರರು ಚೀಲ ತಡಕಿದರು, ಕೋಟು ತಡಕಲಿಲ್ಲ. ಧ್ವನಿವರ್ಧಕ ಗೊರಗೊರ ಸದ್ದು ಮಾಡಿ, ಕ್ರೀಡಾಭಿಮಾನಿಗಳ ಬಹುದಿನದ ಬೇಡಿಕೆಯ ಮೇರೆಗೆ ಹಿರಿಯ ರುಚಿ ಪರೀಕ್ಷಕರು ಈಗ ಪೂರ್ವದ ಅಂಗಡಿಯಲ್ಲಿ ಮೊದಲ ಬಟ್ಟಲನ್ನು ಸ್ವೀಕರಿಸಲಿದ್ದಾರೆ ಎಂದು ಸಾರಿತು. ಹಿರಿಯ ರುಚಿ ಪರೀಕ್ಷಕರು ಯಾರೆಂದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಗ್ಯಾಲರಿಯಲ್ಲಿ ನಗೆ ಹಬ್ಬಿತು. ಆದರೂ ಜನ ಬಂದರು. ವಾಸನೆ ಇಲ್ಲದಿದ್ದರೂ ಬಂದರು, ಯಾಕೆಂದರೆ ಮೆಟ್ಟಿಲ ಮೇಲೆ ಅವನು ಕೂತಿದ್ದ. ಸಾಲು ಅಂಗಡಿಯಿಂದ ಶುರುವಾಗಿ ನಲ್ಲಿಯನ್ನು ದಾಟಿ ದೀಪದ ಕಂಬದವರೆಗೆ ಬೆಳೆಯಿತು. ಎಲ್ಲರಿಗಿಂತ ಮುಂದೆ, ತುಂಬಿದ ಕೋಟಿನಲ್ಲಿ ಇದ್ದಕ್ಕಿದ್ದಂತೆ ದಪ್ಪಗಾದವನಂತೆ ಕಾಣುತ್ತಿದ್ದ ದರ್ಜಿ ನಿಂತಿದ್ದ.

"ಟೋಪಿ ಎಲ್ಲಿ, ಪರೀಕ್ಷಕರೇ?" ಎಂದ.

"ನಿನ್ನ ಹತ್ರ ಹೊಲಿಸೋಣ ಅಂತ ಇಟ್ಟಿದೀನಿ. ಕಿವಿಗೆ ಬಿಗಿ," ಎಂದ ಗೆರೆಯಣ್ಣ. ಟೋಪಿ ಅವನ ಗಾಡಿಯ ಹಿಡಿಗೆ ನೇತುಬಿದ್ದಿತ್ತು.

ಅತ್ತಿಗೆ ಬಟ್ಟಲು ತುಂಬಿ ತಂದುಕೊಟ್ಟಳು. ಹೊಸ ಚಿಕ್ಕ ಬಟ್ಟಲಲ್ಲ. ಅವನ ಹಳೆಯ ಬಟ್ಟಲನ್ನೇ ಎಲ್ಲಿಂದಲೋ ಹುಡುಕಿ ತೆಗೆದಿದ್ದಳು. ಅಂಚಿನಲ್ಲಿ ಅವನ ಹೆಬ್ಬೆರಳಿನ ಸುಣ್ಣ ವರ್ಷಗಟ್ಟಲೆ ಕೂತು ಕೂತು ಒಂದು ಬಿಳಿಯ ಕಲೆಯಾಗಿತ್ತು. ಅವನು ಹೆಬ್ಬೆರಳನ್ನು ಅದೇ ಜಾಗದಲ್ಲಿ ಇಟ್ಟು ಹಿಡಿದ. ತಿನ್ನದೆ ದೂರುವವನು ಅವನಲ್ಲ. ಒಂದು ಚಮಚ ತೆಗೆದುಕೊಂಡು ಬಾಯಲ್ಲಿ ಇಟ್ಟುಕೊಂಡ. ಬಿಸಿ, ಉಪ್ಪು, ಬಣ್ಣ, ಮೂರೂ ಸೇರಿ ಸೂಪಿನ ವೇಷ ಹಾಕಿಕೊಂಡಿದ್ದವು. ಹಿಂದೆ ಎಲ್ಲೋ ಮುಗ್ಗಲು ಮೂಟೆಯ ವಾಸನೆ. ಚಮಚವನ್ನು ತಳದವರೆಗೆ ಇಳಿಸಿ ಒಮ್ಮೆ ತಿರುಗಿಸಿದ. ಅದು ಯಾವುದಕ್ಕೂ ತಾಗದೆ, ಖಾಲಿ ಬಾವಿಯಲ್ಲಿ ಬಿಂದಿಗೆ ತಿರುಗಿದಂತೆ, ಸುತ್ತಿ ಬಂತು. ನಿಷ್ಪಕ್ಷಪಾತವಾಗಿ ಎರಡನೆಯ ಚಮಚವನ್ನೂ ತಿಂದ. ತಲೆಯೆತ್ತಿ ಅತ್ತಿಗೆಯ ಕಡೆ ನೋಡಲಿಲ್ಲ. ನೋಡುವುದಿಲ್ಲವೆಂದು ಆರು ವರ್ಷದ ಹಿಂದೆಯೇ ಅವನು ತನ್ನೊಳಗೆ ತೀರ್ಮಾನಿಸಿಕೊಂಡಿದ್ದ.

ಎದ್ದ. ಬಟ್ಟಲನ್ನು ಮೋಟುಗೋಡೆಯ ಮೇಲೆ ಇಟ್ಟ. ಎತ್ತಿದಂತೆಯೇ ಇಟ್ಟ.

ಸಾಲಿನಲ್ಲಿ ಗದ್ದಲವೇನೂ ಆಗಲಿಲ್ಲ. ಮುಂದಿನವರು ನೋಡಿ ಹಿಂದಿನವರಿಗೆ ಹೇಳಿದರು, ಅವರು ಅವರ ಹಿಂದಿನವರಿಗೆ. ಮಾತು ನಲ್ಲಿಯನ್ನು ದಾಟಿ ಕಂಬ ಮುಟ್ಟಿತು. ದುಡ್ಡು ಹಿಡಿದು ಹೊರಬಂದಿದ್ದ ಕೈಗಳು ಜೇಬಿಗೆ ವಾಪಸು ಹೋದವು.

ಮ್ಯಾನೇಜರು ನಗುಮುಖ ಕೆಡದಂತೆ ಹತ್ತಿರ ಬಂದ. ಬಟ್ಟಲಿನಲ್ಲಿ ಇನ್ನೂ ಸೂಪು ಉಳಿದಿದೆಯಲ್ಲ ಎಂದು ಕೇಳಿದ. ಹೌದು, ಉಳಿದಿದೆ ಎಂದ ಗೆರೆಯಣ್ಣ. ಕಂಕುಳಿನ ಕಡತವನ್ನು ಮ್ಯಾನೇಜರು ಮುಂದಕ್ಕೆ ಹಿಡಿದು, ಅದರ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದ. ದನಿ ತಗ್ಗಿಸಿದ.

"ತಿನ್ನಬೇಡಿ. ಬೇಡ. ಹಿಂದೆ ತಗೊಂಡು ಹೋಗಿ ಚೆಲ್ಲಿ, ತಂದು ಮಗುಚಿಡಿ. ಸೋಮವಾರದ ತನಕ ಯಾಕೆ, ಈಗಲೇ ಸಹಿ ಹಾಕ್ತೀನಿ."

ಗೆರೆಯಣ್ಣ ಆ ಬಟ್ಟಲನ್ನು ನೋಡಿದ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇತ್ತು. ಎರಡು ಕೋಣೆ, ಅತ್ತಿಗೆಯ ಒಲೆ, ಅಣ್ಣ ಗೋಡೆಗೆ ಹೊಡೆದಿದ್ದ ಗೂಟ, ಮಳೆಗಾಲದಲ್ಲಿ ಗಾಡಿ ನಿಲ್ಲಿಸುವ ಮೂಲೆ, ಎಲ್ಲವೂ ಮಣಿಕಟ್ಟಿನ ಒಂದು ತಿರುವಿನಾಚೆ ಇದ್ದವು. ಆ ತಿರುವು ಎಷ್ಟು ಹಗುರವೆಂದು ಅವನಿಗೆ ಗೊತ್ತಿತ್ತು. ಒಮ್ಮೆ ತಿರುಗಿಸಿದವನು ಅವನು.

"ಸರ್, ಬಟ್ಟಲು ಮಗುಚೋದು ಕೈ ಕೆಲಸ ಅಲ್ಲ," ಎಂದ. "ಹೊಟ್ಟೆ ಕೆಲಸ. ನನ್ನ ಕೈಲಿ ಆಗಲ್ಲ."

ಮೆಲ್ಲಗೆ ಹೇಳಿದ ಮಾತೇ. ಆದರೆ ದರ್ಜಿಯ ಕಿವಿ ಸೂಜಿಯ ಕಣ್ಣಿಗಿಂತ ಚುರುಕು.

"ಗೆರೆಯಣ್ಣನಿಗೆ ವಯಸ್ಸಾಯ್ತು ಸರ್, ನಾಲಿಗೆ ಕೆಟ್ಟಿರಬಹುದು," ಎಂದ ದರ್ಜಿ, ಸಾಲಿಗೆಲ್ಲ ಕೇಳುವಂತೆ. "ನೀವೇ ತಿನ್ನಿ. ನಾವು ನೋಡ್ತೀವಿ. ನೀವು ಮಗುಚಿಟ್ರೆ ನಾನೇ ಮೊದಲು ತಗೋತೀನಿ, ಮೂವತ್ತಲ್ಲ, ಅರವತ್ತು ಕೊಟ್ಟು."

ಮುನ್ನೂರು ಕಣ್ಣು ಮ್ಯಾನೇಜರ ಬಾಯಿಯ ಮೇಲೆ. ಅವನು ಬಟ್ಟಲನ್ನು ಕೈಗೆತ್ತಿಕೊಂಡದ್ದೂ ನಿಜ. ಆವಿ ನಿಂತ ಸೂಪಿನ ಮೇಲೆ ತೆಳ್ಳನೆಯ ಪೊರೆ ಕಟ್ಟಿತ್ತು. ಚಮಚ ಅಲ್ಲಾಡಿಸಿದಾಗ ಪೊರೆ ಸುಕ್ಕುಗಟ್ಟಿ ಒಂದು ಪಕ್ಕಕ್ಕೆ ಸರಿಯಿತು. ಅವನು ಅದನ್ನೇ ಸ್ವಲ್ಪ ಹೊತ್ತು ನೋಡಿ, ತನ್ನದು ಊಟ ಆಗಿದೆ ಎಂದು ಹೇಳಿ, ಬಟ್ಟಲನ್ನು ತೆಗೆದ ಜಾಗದಲ್ಲೇ ಇಟ್ಟ. ಯಾರೋ ಹಿಂದಿನಿಂದ, ನಮ್ಮದು ಆಗಿಲ್ಲ ಸರ್, ನಮ್ಮ ಊಟ ನಿಮ್ಮ ಪೀಪಾಯಿಯಲ್ಲಿದೆ ಎಂದರು. ಆಗ ನಗು ಬಂತು. ಅದು ಗ್ಯಾಲರಿಯ ನಗುವಾಗಿರಲಿಲ್ಲ. ಗೋಲು ಆಗುವ ಮುಂಚೆ ಎದ್ದು ನಿಲ್ಲುವ ಜನರ ಎದೆಯೊಳಗಿನ ಸದ್ದಾಗಿತ್ತು.

ಮ್ಯಾನೇಜರು ಕೆಂಪಗಾಗಿ ಕೌಂಟರಿಗೆ ತಿರುಗಿ, ನಿಂತಿದ್ದೀರೇನು, ಬಡಿಸಿ ಎಂದು ಅತ್ತಿಗೆಗೆ ಹೇಳಿದ. ಅತ್ತಿಗೆ ಸೌಟನ್ನು ನೋಡಿದಳು, ಮೋಟುಗೋಡೆಯನ್ನು ನೋಡಿದಳು. ಟೋಪಿ ತೆಗೆದು ಕೌಂಟರಿನ ಮೇಲೆ ಇಟ್ಟಳು. ಆಮೇಲೆ ಬಗ್ಗಿ ಕೊಪ್ಪರಿಗೆಯ ಮುಚ್ಚಳವನ್ನು ಎತ್ತಿಕೊಂಡು, ಸದ್ದಾಗದಂತೆ, ಸರಿಯಾಗಿ ಕೂರುವಂತೆ ಮುಚ್ಚಿದಳು.

ದರ್ಜಿ ಕೋಟಿನ ಗುಂಡಿ ಬಿಚ್ಚಿದ. ಒಳಜೇಬಿನಿಂದ ಬ್ರೆಡ್ಡು ಹೊರಬಂತು. ಅವನ ಹಿಂದಿನವನೂ ಗುಂಡಿ ಬಿಚ್ಚಿದ, ಅವನ ಹಿಂದಿನವನೂ. ಸಾಲಿನುದ್ದಕ್ಕೂ ಬ್ರೆಡ್ಡು ಮುರಿಯುವ ಸದ್ದು. ನಲ್ಲಿಯ ಹತ್ತಿರ ನಿಂತಿದ್ದ ಕಾವಲುಗಾರ ಅದನ್ನು ನೋಡಿ, ಇವತ್ತು ಮೋಡ ಹೇಗಿದೆಯೆಂದು ಆಕಾಶ ಪರೀಕ್ಷಿಸತೊಡಗಿದ. ದರ್ಜಿ ಮೊದಲ ತುಂಡನ್ನು ಕೌಂಟರಿನ ಮೇಲೆ, ಹಳದಿ ಟೋಪಿಯ ಪಕ್ಕದಲ್ಲಿ ಅತ್ತಿಗೆಗೆಂದು ಇಟ್ಟ.

ಆ ಹೊತ್ತಿಗೆ ಗೆರೆಯಣ್ಣ ಮೈದಾನದ ನಡುವೆ ಇದ್ದ. ಗೂಟ ಹೊಡೆದು, ಹಗ್ಗದ ಒಂದು ತುದಿಯನ್ನು ಅದಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಗಾಡಿಗೆ ಬಿಗಿದು ವೃತ್ತ ಎಳೆಯಲು ಶುರುಮಾಡಿದ್ದ. ಧ್ವನಿವರ್ಧಕ ಮತ್ತೆ ಗೊರಗೊರ ಅಂದಿತು. ಹಿರಿಯ ರುಚಿ ಪರೀಕ್ಷಕರು ಕೂಡಲೇ ಪೂರ್ವದ ಅಂಗಡಿಗೆ ವಾಪಸು ಬರಬೇಕು ಎಂದಿತು. ಸ್ವಲ್ಪ ಹೊತ್ತು ಬಿಟ್ಟು, ಹಾಜರಿ ಪುಸ್ತಕದಲ್ಲಿ ಮಾತ್ರ ಇದ್ದ ಅವನ ಹೆಸರನ್ನು ಕೂಗಿತು. ಗ್ಯಾಲರಿಯಲ್ಲಿ ಎಷ್ಟೋ ಜನ ಅದು ಯಾರ ಹೆಸರೆಂದು ಅತ್ತ ಇತ್ತ ನೋಡಿದರು. ಬಂದು ಬಟ್ಟಲು ಮಗುಚದಿದ್ದರೆ ಸೋಮವಾರದಿಂದ ಬರುವುದೇ ಬೇಡ ಎಂದು ಕೂಗಿತು.

ಅವನು ತಿರುಗಲಿಲ್ಲ. ಹಗ್ಗ ಸಡಿಲಾಗದಂತೆ, ಒಂದೇ ಹದದಲ್ಲಿ, ಗಾಡಿಯನ್ನು ತಳ್ಳುತ್ತಲೇ ಹೋದ. ಹಿಡಿಗೆ ನೇತುಬಿದ್ದ ಟೋಪಿ ಕಳಚಿ ಹುಲ್ಲಿಗೆ ಬಿತ್ತು. ಸುಣ್ಣದ ಗೆರೆ ತಾನು ಹೊರಟ ಜಾಗವನ್ನು ದೂರದಿಂದ ಕಂಡಿತು, ಹತ್ತಿರವಾಯಿತು, ಕೂಡಿಕೊಂಡಿತು.